ಎಡ ಮಡ್ಗಾರ್ಡಿನ ಮೇಲಿನ ಹೆಸರು

ಹಳೆಯ ಟ್ರ್ಯಾಕ್ಟರಿನ ಮೇಲೆ ಏನು ಬರೆಸಬೇಕು ಅನ್ನುವ ಮಾತು ಅಪ್ಪ-ಅವ್ವನ ಎದೆಯ ತನಕ ಹೋಗಿ ಮುಟ್ಟುತ್ತದೆ ಅಂತ ನನಗೆ ಹೊಳೆದಿರಲೇ ಇಲ್ಲ. ನನಗೆ ಇದ್ದದ್ದು ಒಂದೇ ಹಟ: ಕಂಪನಿಯಿಂದ ಬಂದ ದಿನ ಹೇಗಿತ್ತೋ ಹಾಗೇ ಆಗಬೇಕು.

ಅಪ್ಪ ಅದನ್ನು ಕೊಂಡದ್ದು 1997ರಲ್ಲಿ, ಕಾರಟಗಿಯ ಭತ್ತದ ರೈತರೊಬ್ಬರಿಂದ. ಆಗಲೇ ಅದು ಮುದಿ ಗಾಡಿ. ಹುಲಿಗಿಯಲ್ಲಿ ನಿಲ್ಲಿಸಿ, ಅಮ್ಮನ ಗುಡಿಯ ಮುಂದೆ ಕಾಯಿ ಒಡೆಸಿ, ಯಲಬುರ್ಗಾದ ಆಚೆಗಿನ ನಮ್ಮೂರಿಗೆ ಹೊಡೆದುಕೊಂಡು ಬಂದ. ನಮ್ಮ ಕಡೆ ಟ್ರ್ಯಾಕ್ಟರ್ ಬಂತೆಂದರೆ ಅದರ ಮೇಲೆ ಮಕ್ಕಳ ಹೆಸರು ಬರಲೇಬೇಕು. ಕುಷ್ಟಗಿಯ ಪೇಂಟರ್ ಎಡ ಮಡ್ಗಾರ್ಡಿನ ಮೇಲೆ ನನ್ನ ತಮ್ಮನ ಹೆಸರು, ಬಲ ಮಡ್ಗಾರ್ಡಿನ ಮೇಲೆ ನನ್ನ ಹೆಸರು ಹಳದಿ ಬಣ್ಣದಲ್ಲಿ ಬರೆದ. ಹೆಣ್ಣುಮಗಳ ಹೆಸರನ್ನೂ ಬರೆಸಿದ್ದಕ್ಕೆ ಊರವರು ನಕ್ಕರು.

"ನಾಳೆ ಮಗಳ ಮದುವಿ ಆದ್ರ ಮಡ್ಗಾರ್ಡೂ ಬಿಚ್ಚಿ ಕಳಸ್ತಿ ಏನಪಾ?"

"ಕಳಸ್ತೀನಿ, ನಿಮಗೇನ?" ಅಂದ ಅಪ್ಪ. ತಮ್ಮನಿಗೆ ಇನ್ನೂ ಅಕ್ಷರ ಬರುತ್ತಿರಲಿಲ್ಲ. ಆದರೂ ತನ್ನ ಹೆಸರಿನ ಮೇಲೆ ಬೇರೆ ಯಾರಾದರೂ ಕೂತರೆ ಊರು ಒಂದಾಗುವಂತೆ ಅಳುತ್ತಿದ್ದ.

ಅವನು ಜ್ವರದಲ್ಲಿ ಹೋದ. ಕೊಪ್ಪಳದ ದವಾಖಾನೆಗೆ ಒಯ್ದದ್ದೂ ಅದೇ ಟ್ರ್ಯಾಕ್ಟರಿನಲ್ಲಿ, ವಾಪಸ್ ತಂದದ್ದೂ ಅದರಲ್ಲೇ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇವತ್ತಿಗೂ ಆಗುವುದಿಲ್ಲ.

ಮಣ್ಣು ಮಾಡಿ ಕೆಲವು ದಿನಗಳಾದ ಮೇಲೆ ಅಪ್ಪ ಒಂದು ಡಬ್ಬಿ ಕೆಂಪು ಬಣ್ಣ ತಂದು ಎಡ ಮಡ್ಗಾರ್ಡಿನ ಹೆಸರಿನ ಮೇಲೆ ಬಳಿದುಬಿಟ್ಟ. ಯಾರನ್ನೂ ಕೇಳಲಿಲ್ಲ. ನೀರು ತಂದ ಅವ್ವ ತಲೆಯ ಮೇಲಿನ ಕೊಡ ಇಳಿಸುವುದನ್ನೂ ಮರೆತು ನೋಡುತ್ತ ನಿಂತಿದ್ದಳು. ಅವತ್ತಿನಿಂದ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಲಿಲ್ಲ. ಬಣ್ಣವೂ ಹೊಂದಲಿಲ್ಲ, ಅಷ್ಟು ಜಾಗ ಕಪ್ಪುಗೆಂಪಾಗಿ ಉಳಿಯಿತು. ಪ್ರತಿ ಆಯುಧಪೂಜೆಗೆ ನಾವೆಲ್ಲ ಬಾನೆಟ್ಟಿಗೆ ವಿಭೂತಿ ಹಚ್ಚಿ ಮುಗಿಸಿದರೆ ಅವ್ವ ಆ ಕಲೆಗೊಂದು ಕುಂಕುಮದ ಬೊಟ್ಟು ಇಡುತ್ತಿದ್ದಳು. ಅಪ್ಪ ಆ ಹೊತ್ತಿಗೆ ಎತ್ತುಗಳ ಕಡೆ ಹೋಗಿಬಿಡುತ್ತಿದ್ದ.

ವರ್ಷಗಳು ಕಳೆದವು. ನಾನು ಕುಷ್ಟಗಿಯಲ್ಲಿ ಶಾಲಾ ಶಿಕ್ಷಕಿಯಾದೆ. ಮೂಲೆ ಸೇರಿದ ಟ್ರ್ಯಾಕ್ಟರನ್ನು ಗುಜರಿಗೆ ಹಾಕುವ ಮಾತು ಬಂದಾಗ ಅಡ್ಡ ನಿಂತವಳು ನಾನೇ. ಎಂಜಿನ್ ರಿಪೇರಿ ಮಾಡಿಸಿದೆ. ಗಂಗಾವತಿಯ ಅಂಗಡಿಯವನು ಬೆಂಕಿಯ ಜ್ವಾಲೆ ಇದ್ದ ಸ್ಟಿಕ್ಕರ್ ಬಿಚ್ಚಿ ತೋರಿಸಿ, "ಇದು ಹಚ್ಚ್ರಿ ಅಕ್ಕೋರ, ಹೊಸಾದರಂಗ ಕಾಣತೈತಿ" ಅಂದ.

"ನನಗ ಹಳೇದು ಹಳೇದರಂಗ ಕಾಣಬೇಕು" ಅಂತ ಎದ್ದು ಬಂದೆ.

ಅದೇ ಕಂಪನಿಯ ಅದೇ ಮಾದರಿಯ ಟ್ರ್ಯಾಕ್ಟರಿನ ಹಳೆಯ ಫೋಟೋಗಳನ್ನು ಹುಡುಕಿದೆ. ಆ ಕಾಲದ ಬಾನೆಟ್ಟಿನ ಮೇಲೆ ಇದ್ದದ್ದು ಬಿಳಿಯ ದಪ್ಪ ಅಕ್ಷರ, ಕೆಳಗೊಂದು ಗೆರೆ, ಅಷ್ಟೇ. ಮಡ್ಗಾರ್ಡು ಖಾಲಿ. ಹಾಗಾದರೆ ನಮ್ಮದೂ ಖಾಲಿಯೇ ಇರಲಿ, ನನ್ನ ಹೆಸರೂ ಹೋಗಲಿ ಅಂದೆ. ಅಪ್ಪ ತಲೆಯಾಡಿಸಿದ. ಅವ್ವನನ್ನು ನಾವಿಬ್ಬರೂ ಕೇಳಲಿಲ್ಲ.

ನಾನು ಕರೆಸಿದ ಪೇಂಟರ್ ಅಂಗಳದಲ್ಲೇ ಪಾಲಿಶ್ ಕಾಗದ ಹಿಡಿದು ಎಡ ಮಡ್ಗಾರ್ಡು ತಿಕ್ಕತೊಡಗಿದ. ಕಪ್ಪುಗೆಂಪು ಸವೆದು ಕೆಳಗಿನಿಂದ ಹಳದಿಯ ಒಂದು ಅಕ್ಷರ ಎದ್ದು ಬಂತು. ಅವನು ಕೈ ನಿಲ್ಲಿಸಿ ನನ್ನ ಮುಖ ನೋಡಿದ. ಅಪ್ಪ ಕಟ್ಟೆಯಿಂದ ಎದ್ದು ಬಂದ.

"ಇನ್ನೊಂಚೂರು ತಿಕ್ಕು."

ಎರಡನೆಯ ಅಕ್ಷರವೂ ಕಂಡಿತು. "ಯಜಮಾನ್ರ, ಬಣ್ಣ ಭಾಳ ತೆಳ್ಳಗ ಐತ್ರಿ. ಹೋಗಿಬಿಡತೈತಿ" ಅಂದ ಪೇಂಟರ್. ಅಪ್ಪ ಅವನ ಕೈಯಿಂದ ಕಾಗದ ಕಸಿದುಕೊಂಡ. ಅಷ್ಟು ವರ್ಷ ಮುಚ್ಚಿಟ್ಟವನಿಗೆ ಈಗ ಪೂರ್ತಿ ನೋಡದೆ ತಡೆಯಲಾಗಲಿಲ್ಲ. ಗಸಗಸ ತಿಕ್ಕಿದ. ಕೊನೆಯ ಅಕ್ಷರ ಒಂದು ಗಳಿಗೆ ಹಳದಿಯಾಗಿ ಕಂಡಿತು. ಮರುಗಳಿಗೆ ಅಲ್ಲಿ ಬರೀ ತಗಡು ಹೊಳೆಯುತ್ತಿತ್ತು. ಏನೂ ಇಲ್ಲದ ಆ ಜಾಗವನ್ನು ಅಪ್ಪ ತಿಕ್ಕುತ್ತಲೇ ಇದ್ದ. ನಾನು ಕೈ ಹಿಡಿದು ನಿಲ್ಲಿಸಬೇಕಾಯಿತು. ಅವನು ಅತ್ತ. ನಾನೂ ಅತ್ತೆ.

ಅವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಂದಳು. ಅವಳಿಗೆ ಓದು ಬಾರದು. "ಎಲ್ಲೈತಿ?" ಅಂದಳು. ಅವಳ ಬೆರಳು ಹಿಡಿದು ಉಳಿದ ಅಕ್ಷರಗಳ ಮೇಲೆ ಆಡಿಸಿದೆ. ಬೆರಳು ಖಾಲಿ ತಗಡಿಗೆ ಬಂದು ನಿಂತಿತು.

"ಕಡೀದು?"

"ಹೋತಬೇ."

ಪೂರ್ತಿ ತಿಕ್ಕಿ ಖಾಲಿ ಬಿಡಬೇಕೋ, ಹೊಸದಾಗಿ ಬರೆಯಬೇಕೋ ಅಂತ ಪೇಂಟರ್ ಮೆಲ್ಲಗೆ ಕೇಳಿದ. ನನ್ನ ಫೋಟೋಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಅಪ್ಪ ಅವ್ವನ ಕಡೆ ತಿರುಗಿ, "ನೀ ಹೇಳು" ಅಂದ.

"ಅವತ್ತ ಕೇಳಬೇಕಿತ್ರಿ" ಅಂದಳು ಅವ್ವ. ಅಷ್ಟು ವರ್ಷದಲ್ಲಿ ಅವಳು ಅವನಿಗೆ ಅಂದ ಗಟ್ಟಿ ಮಾತು ಅದೊಂದೇ. ಆಮೇಲೆ ಸೆರಗಿನಿಂದ ಮಡ್ಗಾರ್ಡಿನ ಧೂಳು ಒರೆಸುತ್ತ ಅಂದಳು: "ಹೋಗಿದ್ದು ಹೊಸದಾಗಿ ಬರೀಬ್ಯಾಡ್ರಿ. ಉಳದದ್ದು ಮುಚ್ಚಬ್ಯಾಡ್ರಿ."

ಪೇಂಟರ್ ಅದರ ಮೇಲೆ ಬರೀ ವಾರ್ನಿಶ್ ಎಳೆದ. ನನ್ನ ಹೆಸರನ್ನೂ ಅವ್ವ ಅಳಿಸಗೊಡಲಿಲ್ಲ. ಬಾನೆಟ್ಟಿನ ಮೇಲೆ ಕಂಪನಿಯ ಬಿಳಿ ಅಕ್ಷರ ನಾನು ಬಯಸಿದ ಹಾಗೇ ಬಂತು. ಬಂದವರು ಅದನ್ನೇ ಹೊಗಳಿದರು.

ಆ ವರ್ಷದ ಆಯುಧಪೂಜೆಗೆ ಅಪ್ಪ ಎತ್ತುಗಳ ಕಡೆ ಹೋಗಲಿಲ್ಲ. ಆರತಿ ತಟ್ಟೆ ಹಿಡಿದು ಎಡಗಡೆಯೇ ನಿಂತ. ಅವ್ವ ಬೊಟ್ಟನ್ನು ಅಕ್ಷರಗಳ ಮೇಲೆ ಇಡಲಿಲ್ಲ. ಹೆಸರಿನ ಕೊನೆಯ ಖಾಲಿ ತಗಡಿನ ಮೇಲೆ ಇಟ್ಟಳು.

"ನನಗ ಓದಾಕ ಬರೂದಿಲ್ಲ. ನೀವು ಓದ್ರಿ" ಅಂದಳು.

ಅಪ್ಪ ತಟ್ಟೆ ನನ್ನ ಕೈಗೆ ಕೊಟ್ಟು, ಬೆರಳಿಟ್ಟು, ಒಂದೊಂದೇ ಅಕ್ಷರ ಓದಿದ. ಅಲ್ಲಿ ಇಲ್ಲದ ಅಕ್ಷರವನ್ನೂ ಬಿಡದೆ ಓದಿದ. ಹೆಸರು ಕೇಳಿ ಒಳಗಿನಿಂದ ಯಾರೋ ಬರಬಹುದೇನೋ ಅನ್ನುವ ಹಾಗೆ ಅವ್ವ ಬಾಗಿಲ ಕಡೆ ನೋಡಿದಳು.