ಮುಂದಿನ ಡೈನಮೋಗೆ ಇಟ್ಟ ಗಂಧ

ಎಂಬತ್ತರ ದಶಕದಲ್ಲಿ ಕೊಯಮತ್ತೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ನಾನು, ದೇವರಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಅಷ್ಟು ಕೊಬ್ಬಿತ್ತು. ಅಮ್ಮ ವಾದಕ್ಕೇ ಬರುತ್ತಿರಲಿಲ್ಲ. ನನ್ನ ಪಾಲಿನ ಕೈಮುಗಿತವನ್ನೂ ತಾನೇ ಮುಗಿದು ಒಳಗೆ ಹೋಗುತ್ತಿದ್ದಳು.

ಅಣ್ಣನ ದೇವರು ಶೆಡ್ಡಿನಲ್ಲಿತ್ತು. ಹಿಂದಿನ ಸೀಟು, ಗಾಜು ಎಲ್ಲ ಕಿತ್ತು ಹಗುರ ಮಾಡಿದ್ದ ರೇಸ್ ಕಾರು. ಎಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ತಿರುವಿನಲ್ಲಿ ಸ್ವಲ್ಪ ಜೋರಾಗಿ ಒತ್ತಿದರೆ ಸಾಕು, ಹಿಂಭಾಗ ಮುಂದಕ್ಕೆ ಬಂದು ಅವನು ಬಂದ ದಾರಿಗೇ ಮುಖ ಮಾಡಿ ನಿಲ್ಲುತ್ತಿದ್ದ. ಪ್ರತಿ ಸೋಲಿಗೂ ಒಂದೊಂದು ಕಾರಣ ಹೇಳುತ್ತಿದ್ದ, ಯಾವುದರಲ್ಲೂ ಅವನ ತಪ್ಪಿರುತ್ತಿರಲಿಲ್ಲ.

ಕೊನೆಗೆ, ನಾಲ್ಕು ಚಕ್ರಕ್ಕೂ ಬಲ ಹೋಗಬೇಕು, ಅದೂ ಬೇಕಾದಾಗ ಮಾತ್ರ, ಎಂದು ಹಠ ಹಿಡಿದ. ಗುಜರಿಗೆ ಬಂದಿದ್ದ ಮಿಲಿಟರಿ ಜೀಪಿನಿಂದ ಮುಂದಿನ ಆಕ್ಸಲ್ ತಂದ. ಮುಚ್ಚಿದ ಮಿಲ್ಲೊಂದರ ಯಂತ್ರದಿಂದ ಕರೆಂಟಿನ ಕ್ಲಚ್ ತಂದ. ಕರೆಂಟು ಕೊಟ್ಟರೆ ಅದು ಕಚ್ಚಿಕೊಂಡು ಮುಂದಿನ ಚಕ್ರಗಳನ್ನೂ ಎಂಜಿನ್ನಿಗೆ ಸೇರಿಸುತ್ತದೆ, ನಿಲ್ಲಿಸಿದರೆ ಬಿಡುತ್ತದೆ. ಯಾವಾಗ ಕೊಡಬೇಕು ಎಂದು ತೀರ್ಮಾನಿಸುವುದು ನನ್ನ ಪಾಲಿಗೆ ಬಂತು.

ಬಿಸ್ಕತ್ ಡಬ್ಬದೊಳಗೆ ಟ್ರಾನ್ಸಿಸ್ಟರ್, ರಿಲೇ ಕೂರಿಸಿದೆ. ಎರಡು ಸೈಕಲ್ ಡೈನಮೋಗಳನ್ನು ಕಾರಿನಡಿ ಕಟ್ಟಿದೆ. ಒಂದರ ಉರುಳೆ ಮುಂದಿನ ಚಕ್ರಗಳ ಜೊತೆ ತಿರುಗುವ ದಂಡಕ್ಕೆ ಉಜ್ಜಿಕೊಂಡು ತಿರುಗುತ್ತಿತ್ತು, ಇನ್ನೊಂದರದು ಹಿಂದಿನದಕ್ಕೆ. ಹಿಂದಿನದು ಮುಂದಿನದಕ್ಕಿಂತ ಜೋರಾಗಿ ತಿರುಗಿದರೆ ಹಿಂದಿನ ಚಕ್ರ ಜಾರುತ್ತಿದೆ ಎಂದರ್ಥ. ಆಗ ಡಬ್ಬ ಕ್ಲಚ್ಚಿಗೆ ಕರೆಂಟು ಕೊಡುತ್ತದೆ, ಮೇಲಿನ ಕೆಂಪು ದೀಪ ಹತ್ತುತ್ತದೆ.

“ನಿನ್ ಪೆಟ್ಟಿ ಕೆಲ್ಸ ಮಾಡಿದ್ರೆ ಒಂದ್ ರೌಂಡು ನೀನೇ ಓಡ್ಸು,” ಎಂದ ಅಣ್ಣ. “ಇಲ್ಲಾಂದ್ರೆ ಕಿತ್ತು ಬಿಸಾಕ್ತೀನಿ. ಆಮೇಲೆ ಶೆಡ್ ಪಕ್ಕ ಬರ್ಬಾರ್ದು.”

ಆ ಶೆಡ್ಡಿನಲ್ಲಿ ಎರಡು ವರ್ಷ ಸ್ಪ್ಯಾನರ್ ಎತ್ತಿಕೊಟ್ಟಿದ್ದೆ, ಟೀ ಕೊಟ್ಟಿದ್ದೆ. ಒಮ್ಮೆಯೂ ಆ ಸ್ಟೇರಿಂಗ್ ಹಿಡಿದಿರಲಿಲ್ಲ. ಅದನ್ನು ಓಡಿಸಬೇಕೆಂಬ ಆಸೆಗೆ ನನಗೆ ಊಟ ಸೇರುತ್ತಿರಲಿಲ್ಲ.

ಪರೀಕ್ಷೆ ಕುನ್ನತ್ತೂರಿನ ಹತ್ತಿರ, ಮಾವನ ಹೊಲದ ಪಕ್ಕದ ಒಣಗಿದ ಕೆರೆಯಲ್ಲಿ. ಒಂದು ತಿರುವಿಗೆ ಪಂಪ್‌ಸೆಟ್ ನೀರು ಬಿಟ್ಟು ಕೆಸರು ಮಾಡಿದ್ದೆವು, ಉಳಿದದ್ದೆಲ್ಲ ಕಲ್ಲಿನಂಥ ನೆಲ. ಅಮ್ಮ ತಟ್ಟೆ ಹಿಡಿದು ಜೊತೆಗೇ ಬಂದಳು. ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟಳು. ನಾಲ್ಕು ಚಕ್ರಕ್ಕೂ ಸಮನಾಗಿ ಹಂಚಿದವಳು ನಮಗಿಂತ ಮೊದಲು ಅವಳೇ ಎಂದು ಗೇಲಿ ಮಾಡಿದೆ. ಅವಳು ಉಂಗುರದ ಬೆರಳಿನಿಂದ ಸ್ಟೇರಿಂಗಿಗೆ, ಬಾನೆಟ್ಟಿಗೆ ಚುಕ್ಕಿ ಚುಕ್ಕಿಯಾಗಿ ಗಂಧ ಇಟ್ಟಳು.

“ನಿನ್ ಪೆಟ್ಟಿಗೂ ಇಡ್ಲಾ, ಕಣ್ಣೂ?” ಎಂದು ಮುದ್ದಿನಿಂದ ಕೇಳಿದಳು.

“ಬೇಡ. ಅದು ಸಯನ್ಸು.”

ಅಣ್ಣ, ಅಮ್ಮ, ನೋಡಲು ಬಂದಿದ್ದ ಮಾವನ ಕೂಲಿಯಾಳುಗಳು, ಎಲ್ಲರೂ ಎಳನೀರು ಕುಡಿಯಲು ಹೋದರು. ನಾನೊಬ್ಬಳೇ ಉಳಿದೆ. ಸಯನ್ಸು ಕೈಕೊಟ್ಟರೆ? ಅತ್ತಿತ್ತ ನೋಡಿ, ಅಮ್ಮ ಇಟ್ಟು ಹೋಗಿದ್ದ ತಟ್ಟೆಯಿಂದ ಹೆಬ್ಬೆರಳ ತುಂಬ ಗಂಧ ತೆಗೆದು, ಕಾರಿನಡಿ ತೂರಿ, ಮುಂದಿನ ಡೈನಮೋಗೆ ಮೆತ್ತಿ ಕಣ್ಣುಮುಚ್ಚಿ ಬೇಡಿಕೊಂಡೆ. ಯಾವ ದೇವರನ್ನು ಎಂದು ಕೇಳಬೇಡಿ, ಸಿಕ್ಕಿದವರನ್ನೆಲ್ಲ.

ಅಣ್ಣ ಹೊರಟ. ಕೆಸರಿನ ತಿರುವಿನಲ್ಲಿ ಕಾರು ಹಳಿಯ ಮೇಲಿದ್ದಂತೆ ತಿರುಗಿತು, ಅವನು ಕಿರುಚಿದ್ದು ನಮಗೂ ಕೇಳಿಸಿತು. ಮುಂದಿನದು ಒಣ ತಿರುವು. ಅಲ್ಲಿ ಕಾರು ತಿರುಗಲೇ ಇಲ್ಲ. ನೆಟ್ಟಗೆ ಮಾವನ ಜೋಳದ ಹೊಲಕ್ಕೆ ನುಗ್ಗಿತು.

“ಸ್ಟೇರಿಂಗ್ ಬಿಗ್ದೋಯ್ತು! ನಿನ್ ಪೆಟ್ಟಿಗೆ ನಾನ್ ತಿರುಗೋದೇ ಇಷ್ಟ ಇಲ್ಲ!” ತಲೆಗೂದಲಲ್ಲಿ ಜೋಳದ ಗರಿ ಸಿಕ್ಕಿಸಿಕೊಂಡೇ ಅಣ್ಣ ಕೂಗಾಡಿದ.

ಕಾರು ನಿಲ್ಲುವವರೆಗೂ ಕೆಂಪು ದೀಪ ಆರಲೇ ಇಲ್ಲವಂತೆ. ಕಾರಿನಡಿ ತೂರಿದೆ, ಅವನೂ ಬಂದ. ಮುಂದಿನ ಉರುಳೆಯ ತುಂಬ ಗಂಧ. ಉರುಳೆ ದಂಡವನ್ನು ಹಿಡಿಯದೆ ಜಾರುತ್ತಿತ್ತು. ಹಾಗಾಗಿ ಮುಂದಿನ ಚಕ್ರ ಸದಾ ನಿಧಾನ ಎಂದು ಡಬ್ಬ ತಿಳಿದು, ಕ್ಲಚ್ಚನ್ನು ಬಿಡದೆ ಹಿಡಿದಿತ್ತು. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು, ಕೆಸರಿನಲ್ಲಾದರೆ ಜಾರಿಕೊಂಡು ಹೊಂದಿಕೊಳ್ಳುತ್ತದೆ. ನಾಲ್ಕು ಚಕ್ರವೂ ಒಂದಕ್ಕೊಂದು ಬಿಗಿದುಕೊಂಡರೆ ಒಣನೆಲದಲ್ಲಿ ಕಾರು ತಿರುಗುವುದಾದರೂ ಹೇಗೆ?

“ಇಲ್ಲಿಗೆ ಗಂಧ ಇಟ್ಟಿದ್ದು ಯಾರು?”

ನಾನು ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡೆ. ಎಲ್ಲರೂ ಗಂಧದ ತಟ್ಟೆ ಹಿಡಿದಿದ್ದ ಅಮ್ಮನತ್ತ ನೋಡಿದರು. ಅಮ್ಮ ಬಗ್ಗಿ ಒಂದು ಕ್ಷಣ ಉರುಳೆಯನ್ನು ನೋಡಿದಳು, ಒಂದು ಕ್ಷಣ ನನ್ನನ್ನು.

“ನಾನ್ ತಾನೆ ಇಟ್ಟೆ. ಪೂಜೆ ಅಂದ್ರೆ ಎಲ್ಲಕ್ಕೂ ತಾನೆ?”

ಅಣ್ಣ ಅವಳನ್ನು ಬಾಯಿಗೆ ಬಂದಂತೆ ಬೈದ. ಕೂಲಿಯಾಳುಗಳು ಕೂಡ ನಕ್ಕರು. ನಾನು ತಲೆ ತಗ್ಗಿಸಿ ಸೀಮೆಎಣ್ಣೆ ಬಟ್ಟೆಯಿಂದ ಉರುಳೆ ಒರೆಸುತ್ತ ಕೂತೆ. ನಾಚಿಕೆಯಾಗುತ್ತಿತ್ತು, ಆದರೆ ಆ ಒಂದು ರೌಂಡಿನ ಆಸೆ ನಾಚಿಕೆಗಿಂತ ದೊಡ್ಡದಾಗಿತ್ತು.

ಎರಡನೇ ಸಲ ದೀಪ ಕೆಸರಿನಲ್ಲಿ ಹತ್ತಿತು, ಒಣನೆಲದಲ್ಲಿ ಆರಿತು. ಅಣ್ಣ ಮಾತು ತಪ್ಪಲಿಲ್ಲ, ಇಳಿದು ಬಾಗಿಲು ತೆಗೆದ. ನಾನು ಓಡಿಸಿದೆ. ಅಂಥ ಖುಷಿ ಮತ್ತೆಂದೂ ಆಗಿಲ್ಲ.

ಇಳಿದಾಗ ಎಲ್ಲರೂ ಡಬ್ಬದ ಸುತ್ತ ಸೇರಿದ್ದರು. ಅಮ್ಮ ಮಾತ್ರ ನನ್ನ ಹತ್ತಿರ ಬಂದು ಬಲಗೈ ಹಿಡಿದಳು. ಹೆಬ್ಬೆರಳ ಉಗುರಿನ ಸಂದಿಯಲ್ಲಿ ಒಣಗಿದ್ದ ಗಂಧವನ್ನು ಸೆರಗಿನಿಂದ ಒರೆಸಿದಳು.

“ಉಂಗುರದ್ ಬೆರಳಲ್ಲಿ ಇಡ್ಬೇಕು ಕಣ್ಣೂ,” ಎಂದಳು ಮೆಲ್ಲಗೆ. “ಹೆಬ್ಬೆರಳಲ್ಲಿ ಇಟ್ರೆ ಜಾಸ್ತಿ ಆಗೋಗುತ್ತೆ.”