ರೆಕಾರ್ಡ್ ಅಕ್ಕನ ವರ್ಗಾವಣೆ

ನಮ್ಮ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ನನ್ನ ಹುದ್ದೆಯ ಹೆಸರು ಸಹಾಯಕ. ಯಾರಿಗೆ ಸಹಾಯ ಎಂದು ಇದುವರೆಗೆ ಯಾರೂ ಕೇಳಿಲ್ಲ, ನನ್ನ ಪುಣ್ಯ. ಕಂಪ್ಯೂಟರ್ ಕೈಕೊಟ್ಟರೆ ಆರಿಸಿ ಮತ್ತೆ ಹಾಕುವುದು ನನಗೆ ಬರುವ ವಿದ್ಯೆ. ಅದಕ್ಕೂ ಬಗ್ಗದಿದ್ದರೆ ಪಕ್ಕದ ಕುರ್ಚಿಯತ್ತ ನೋಡುತ್ತೇನೆ. ಆ ಕುರ್ಚಿಯಲ್ಲಿ ಕೂರುವವರನ್ನು ನರ್ಸುಗಳಿಂದ ಹಿಡಿದು ಆಂಬುಲೆನ್ಸ್ ಡ್ರೈವರ್‌ವರೆಗೆ ಎಲ್ಲರೂ ‘ರೆಕಾರ್ಡ್ ಅಕ್ಕ’ ಎನ್ನುತ್ತಾರೆ.

ರೂಮಿಗೆ ಇರುವುದು ಒಂದೇ ಕಿಟಕಿ. ಅದರ ಅರ್ಧಕ್ಕೆ ಹಳೇ ಫೈಲುಗಳ ಕಪಾಟು ಅಡ್ಡ, ಇನ್ನರ್ಧಕ್ಕೆ ಚೀಟಿ ಮಾಡಿಸಲು ಬಂದವರ ಮುಖಗಳು. ಗಾಳಿ ಬೇಕೆಂದರೆ ಸಾಲಿನಲ್ಲಿ ಯಾರಾದರೂ ಪಕ್ಕಕ್ಕೆ ಸರಿಯಬೇಕು.

ಅಕ್ಕನ ಗಂಡ, ಮಗಳು ಇರುವುದು ಬೇರೆ ಊರಿನಲ್ಲಿ. ಗಂಡನಿಗೆ ಅಲ್ಲಿ ಗ್ಯಾರೇಜು, ಮಗಳಿಗೆ ಸ್ಕೂಲು. ಅಕ್ಕನಿಗೆ ಇಲ್ಲಿ ಹಾಸ್ಟೆಲ್ಲಿನ ಒಂದು ಮಂಚ. ಶನಿವಾರ ಬಸ್ಸು ಹತ್ತಿದರೆ ಭಾನುವಾರ ವಾಪಸು. ಆ ಊರಿನ ಆಸ್ಪತ್ರೆಗೆ ವರ್ಗಾವಣೆ ಕೇಳಿ ಅವರು ಅರ್ಜಿ ಹಾಕುತ್ತಲೇ ಇದ್ದರು, ನಮ್ಮ ಸೂಪರಿಂಟೆಂಡೆಂಟ್ ಸಾಹೇಬರು ತಡೆಯುತ್ತಲೇ ಇದ್ದರು. ಎಲ್ಲದಕ್ಕೂ ಕಾರಣ ರೋಗಿಗಳ ಹೆಸರು ಬರೆದುಕೊಳ್ಳುವ ಸಾಫ್ಟ್‌ವೇರು.

ಅದನ್ನು ಎಲ್ಲೆಲ್ಲಿಯವರೋ ಸೇರಿ ಬರೆದು, ಯಾರು ಬೇಕಾದರೂ ಬಳಸಿ, ಬೇಕಾದಂತೆ ತಿದ್ದಿಕೊಳ್ಳಿ ಎಂದು ಪುಕ್ಕಟೆ ಬಿಟ್ಟಿದ್ದರು. ಪುಕ್ಕಟೆ ಎಂದದ್ದೇ ತಡ, ಸಾಹೇಬರು ಕಣ್ಣುಮುಚ್ಚಿ ಹಾಕಿಸಿದರು. ಆದರೆ ಬರೆದವರ ಕಡೆ ಎಲ್ಲರಿಗೂ ಮನೆತನದ ಹೆಸರು, ಹುಟ್ಟಿದ ತಾರೀಖು ಇದ್ದೇ ಇರುತ್ತವೆಯಂತೆ. ನಮ್ಮ ಕಿಟಕಿಗೆ ಬರುವ ಅಜ್ಜಿ, “ನನ್ನ ಮೊದಲನೇ ಮಗನಿಗೇ ಮೊಮ್ಮಕ್ಕಳಿದಾವೆ, ನನಗೆಷ್ಟಾಗಿರಬಹುದು ನೀನೇ ನೋಡಪ್ಪ” ಎನ್ನುತ್ತಾಳೆ. ತಾರೀಖು ತುಂಬದೆ ಆ ಸಾಫ್ಟ್‌ವೇರು ಜಪ್ಪಯ್ಯ ಅಂದರೂ ಮುಂದೆ ಹೋಗದು. ನಾವು ಎಲ್ಲರಿಗೂ ಜನವರಿ ಒಂದು ಎಂದು ಒತ್ತಿದೆವು, ಮನೆತನದ ಜಾಗದಲ್ಲಿ ಒಂದು ಚುಕ್ಕಿ ಇಟ್ಟೆವು. ನೋಡನೋಡುತ್ತ ಅರ್ಧ ಊರಿನ ಜನ ಒಂದೇ ದಿನ ಹುಟ್ಟಿದ ಚುಕ್ಕಿ ವಂಶದವರಾಗಿಬಿಟ್ಟರು. ಒಮ್ಮೆ ಒಂದೇ ಹೆಸರಿನ ಇಬ್ಬರು ಹೆಂಗಸರಲ್ಲಿ ಒಬ್ಬಳ ರಕ್ತದ ರಿಪೋರ್ಟು ಇನ್ನೊಬ್ಬಳ ಕೈಗೆ ಹೋಯಿತು. ನರ್ಸಿಗೆ ಅನುಮಾನ ಬಂದು ತಡೆದದ್ದಕ್ಕೆ ಬಚಾವ್.

ಅಂದಿನಿಂದ ಅಕ್ಕ ಪಟ್ಟು ಹಿಡಿದು ಪ್ರೋಗ್ರಾಮ್ ಬರೆಯುವುದನ್ನು ಕಲಿತರು. ಮನೆತನವಿಲ್ಲದ ಬರೀ ಹೆಸರಿದ್ದರೂ ಸಾಕು, ಅಂದಾಜು ವಯಸ್ಸು ಸಾಕು, ಜೊತೆಗೆ ತಾಯಿಯದೋ ಗಂಡನದೋ ಹೆಸರು. ಇಷ್ಟು ತಿದ್ದುವಷ್ಟರಲ್ಲಿ ಅವರ ಕನ್ನಡಕದ ನಂಬರು ಬದಲಾಯಿತು. ತಿದ್ದಿದ್ದು ಮಾತ್ರ ನಮ್ಮ ಕಂಪ್ಯೂಟರಿನಲ್ಲಷ್ಟೆ. ಆ ಕಡೆಯವರು ಹೊಸ ಆವೃತ್ತಿ ಬಿಟ್ಟಾಗಲೆಲ್ಲ ಅಕ್ಕ ತಿದ್ದಿದ್ದು ಅಳಿಸಿಹೋಗುತ್ತಿತ್ತು, ಜನ ಮತ್ತೆ ಜನವರಿ ಒಂದಕ್ಕೆ ಹುಟ್ಟತೊಡಗುತ್ತಿದ್ದರು. ಅಕ್ಕ ಮತ್ತೆ ಮೊದಲಿನಿಂದ ಹೊಲಿಗೆ ಹಾಕಬೇಕು.

“ನೀವು ಹೋದ್ರೆ ಇದನ್ನ ಯಾರಮ್ಮ ನೋಡ್ಕೊಳ್ಳೋದು?” ಎಂದರು ಸಾಹೇಬರು. “ಇವನಿಗೆ ಕಲಿಸಿ, ಆರಾಮಾಗಿ ಹೊರಡಿ. ನಾನೇನು ನಿಮ್ಮನ್ನ ಕಟ್ಟಿಹಾಕಿದೀನಾ?”

ಇವನು ಎಂದರೆ ನಾನು. ಒಂದು ಸಂಸಾರ ಒಂದುಗೂಡುವುದು ನನ್ನ ಬುದ್ಧಿಯ ಮೇಲೆ ನಿಂತಿತೆಂದರೆ ಆ ಸಂಸಾರದ ಗ್ರಹಚಾರ ಹೇಗಿರಬೇಕು! ಅಕ್ಕ ಕಲಿಸಿದರು, ನಾನು ತಲೆಯಾಡಿಸಿದೆ. ಆಡುವುದರಲ್ಲಿ ನನ್ನ ತಲೆ ಬಲು ಚುರುಕು. ಒಂದು ದಿನ ನಾನೇ ತಿದ್ದಲು ಹೋಗಿ ಎಲ್ಲೋ ಒಂದು ಬ್ರಾಕೆಟ್ ಮುಚ್ಚಲು ಮರೆತೆ, ಸಾಫ್ಟ್‌ವೇರೇ ನಿಂತುಹೋಯಿತು. ಬೆಳಗ್ಗೆಯೆಲ್ಲ ಆಸ್ಪತ್ರೆ ಕೈಯಲ್ಲೇ ಚೀಟಿ ಬರೆಯಿತು.

“ಬೈದುಬಿಡಿ ಅಕ್ಕಾ.”

“ಬೈದ್ರೆ ನಿನಗೆ ವಿದ್ಯೆ ಹತ್ತೋ ಹಾಗಿದ್ರೆ ಯಾವತ್ತೋ ಬೈತಿದ್ದೆ ಕಣೋ.”

ನನ್ನ ಮೇಲಿನ ಆಸೆ ಬಿಟ್ಟ ಮೇಲೆಯೇ ಅಕ್ಕನಿಗೆ ಬೇರೆ ದಾರಿ ಹೊಳೆದದ್ದು. ತಿದ್ದಿದ್ದನ್ನು ಬರೆದವರಿಗೇ ಕಳಿಸಿದರೆ? ಮೂಲದಲ್ಲೇ ಸೇರಿಕೊಂಡರೆ ಮುಂದೆ ಅದು ತಾನಾಗಿ ಬರುತ್ತದೆ, ಕಾಯುವವರೇ ಬೇಡ. ಅಲ್ಲಿಂದ ಇಲ್ಲಿಗೆ ಬರುವುದೇ ಹೊರತು ಇಲ್ಲಿಂದ ಅಲ್ಲಿಗೆ ಹೋಗುವುದೂ ಉಂಟೆಂದು ಅಲ್ಲಿಯವರೆಗೆ ನಮಗಾರಿಗೂ ತೋಚಿರಲಿಲ್ಲ.

ಇಂಗ್ಲಿಷ್ ಪತ್ರದ ಹೊಣೆ ನನ್ನದು. ನನಗೆ ಬರುವುದು ರಜೆ ಅರ್ಜಿಯ ಇಂಗ್ಲಿಷ್. ಮಾನ್ಯರೇ ಎಂದು ಶುರುಮಾಡಿ ತಮ್ಮ ವಿಧೇಯ ಎನ್ನುವವರೆಗೆ ಬಗ್ಗಿ ಬಗ್ಗಿ ಬರೆದೆ. ಅವರದ್ದು ಒಂದೇ ಸಾಲಿನ ಉತ್ತರ: ಮನುಷ್ಯನಿಗೆ ತಾನು ಹುಟ್ಟಿದ ದಿನ ಗೊತ್ತಿಲ್ಲದಿರುವುದು ಹೇಗೆ?

ಅಕ್ಕ ಓದಿ ನಕ್ಕರು. “ಹುಟ್ಟುವಾಗ ಇವರೆಲ್ಲ ಕ್ಯಾಲೆಂಡರ್ ನೋಡ್ತಿದ್ರಾ ಅಂತ ಕೇಳು.”

ಕೇಳಲಿಲ್ಲ. ವಿಧೇಯವಾಗಿ ವಿವರಿಸಿದೆ. ಅವರು ಅಲ್ಲಿ ತಿದ್ದಿ, ಇಲ್ಲಿ ತಿದ್ದಿ, ಬೇಕೆಂದ ಆಸ್ಪತ್ರೆಗಳಿಗೆ ಮಾತ್ರ ಇದು ಕಾಣುವಂತೆ ಮಾಡಿ ಎಂದರು. ಅಕ್ಕ ಎಲ್ಲವನ್ನೂ ಮಾಡಿದರು. ಕೊನೆಗೊಂದು ದಿನ ಆ ಕಡೆಯವರು ಒಪ್ಪಿಕೊಂಡು ಮೂಲದಲ್ಲೇ ಸೇರಿಸಿದರು. ಮುಂದಿನ ಆವೃತ್ತಿ ಬಂದಾಗ ಅಕ್ಕ ಕೈಕಟ್ಟಿ ನಿಂತರು, ನಾನೊಬ್ಬನೇ ಹಾಕಿದೆ. ಅಂದಾಜು ವಯಸ್ಸು ಇದ್ದಲ್ಲೇ ಇತ್ತು. ಹೊಲಿಗೆಯ ಅಗತ್ಯವೇ ಬೀಳಲಿಲ್ಲ.

ಅಕ್ಕ ಹೊಸ ಅರ್ಜಿ ಹಿಡಿದು, ಸಾಕ್ಷಿಗೆ ನನ್ನನ್ನೂ ಎಳೆದುಕೊಂಡು ಸಾಹೇಬರ ಕೋಣೆಗೆ ನಡೆದರು.

“ಬನ್ನಿ ಬನ್ನಿ!” ಸಾಹೇಬರು ಎದ್ದೇ ನಿಂತರು. ಸುದ್ದಿ ಆಗಲೇ ಮೇಲಿನ ಕಚೇರಿಗೆ ಮುಟ್ಟಿತ್ತು. “ಬೇರೆ ಬೇರೆ ದೇಶದ ಆಸ್ಪತ್ರೆಗಳಲ್ಲೂ ನಿಮ್ಮದು ನಡೀತಿದೆಯಂತಲ್ಲಮ್ಮ! ಇನ್ಮೇಲೆ ನಮ್ಮ ಎಲ್ಲಾ ಆಸ್ಪತ್ರೆಗಳಿಗೂ ಇದೇ. ನಡೆಸೋದು ಇಲ್ಲಿಂದ, ನಡೆಸೋರು ನೀವು. ಆರ್ಡರ್ ಆಗಿದೆ.”

“ಸಾರ್, ಈಗ ನಾನು ಬೇಕಾಗಿಲ್ಲ ಅಂತ ಹೇಳೋಕೇ ಬಂದಿದ್ದು.”

“ನೋಡಿ, ಇದಕ್ಕೇ ದೊಡ್ಡತನ ಅನ್ನೋದು.”

“ಅಲ್ಲ ಸಾರ್, ನಿಜವಾಗ್ಲೂ. ಈ ಸಲ ಇವನೇ ಹಾಕಿದ.”

ಸಾಹೇಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಇವನ ಕೈಲೂ ಆಗೋ ಹಾಗೆ ಮಾಡಿದೀರಾ? ಅಂಥವರನ್ನ ನಾನು ಬಿಟ್ಟುಕೊಡ್ತೀನಾ?”

ಆಕೆಯ ಪರವಾಗಿ ನಾನು ಹೇಳಬಹುದಾದ ಸಾಕ್ಷಿಯೆಲ್ಲ ಅಲ್ಲಿಗೆ ಮುಗಿಯಿತು. ಅರ್ಜಿಯನ್ನು ಸಾಹೇಬರು ಪ್ರೀತಿಯಿಂದಲೇ ವಾಪಸು ಕೊಟ್ಟರು.

ರೂಮಿಗೆ ಬರುವಷ್ಟರಲ್ಲಿ ಸಾಲು ಬೆಳೆದಿತ್ತು. ಅಕ್ಕನ ಫೋನು ಬಡಿದುಕೊಂಡಿತು. ಮಗಳದು ಊರಿಗೆಲ್ಲ ಕೇಳುವ ಗಂಟಲು.

“ಅಮ್ಮಾ, ಏನಂದ್ರು?”

“ಶನಿವಾರ ಹೇಳ್ತೀನಿ ಪುಟ್ಟಾ.”

“ಶನಿವಾರ ಬರ್ತೀಯಾ, ಇಲ್ಲ ಬಂದು ಹೋಗ್ತೀಯಾ?”

ಅಕ್ಕ ಕೀಬೋರ್ಡಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು.

“ಬಂದು ಹೋಗ್ತೀನಿ.”

ಮಗಳು ಫೋನಿಟ್ಟಳು. ಅಕ್ಕ ಫೋನನ್ನು ಮಗುಚಿ ಇಟ್ಟು ಕಿಟಕಿಗೆ ತಿರುಗಿದರು. “ಯಾರಜ್ಜಿ ಮೊದಲು? ಹೆಸರು ಹೇಳಿ.”