ನೂರಾ ನಾಲ್ಕು ದಾಟದ ನಾಡಿ

೧೯೮೬ನೇ ಇಸವಿ. ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ನಾನು ಟೆಕ್ನಿಷಿಯನ್. ಸೇರಿ ಎರಡು ವರ್ಷವಾಗಿತ್ತು, ವಯಸ್ಸು ಇಪ್ಪತ್ನಾಲ್ಕು. ಈಗಲೂ ಮೂವತ್ತಾಗಿಲ್ಲ, ವೃತ್ತಿಯ ಅನುಭವ ಬರೆಯೋಕೆ ಇವನ್ಯಾರು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಈ ಕೇಸನ್ನು ನಿವೃತ್ತಿಯವರೆಗೆ ಹೊಟ್ಟೆಯಲ್ಲಿ ಇಟ್ಟುಕೊಂಡಿರುವ ತಾಳ್ಮೆ ನನಗಿಲ್ಲ. ಕುರ್ಚಿಯಲ್ಲಿ ಕೂತರೂ ಕಾಲು ಕುಣಿಸುವ ಜಾತಿ ನನ್ನದು. ಅಂಥವನಿಗೆ ಸಿಕ್ಕ ಕೆಲಸವೋ, ದಿನವಿಡೀ ರೋಗಿಗಳಿಗೆ ‘ಅಲ್ಲಾಡಬೇಡಿ’ ಅನ್ನುವುದು.

ನಾವು ಮಾಡುತ್ತಿದ್ದದ್ದು ಥ್ಯಾಲಿಯಂ ಸ್ಕ್ಯಾನ್. ಹೆಸರು ಕೇಳಿದರೆ ಭಯ, ವಿಷಯ ಸರಳ. ರೋಗಿ ಖಾಲಿ ಹೊಟ್ಟೆಯಲ್ಲಿ ಬರಬೇಕು. ಎದೆಗೆ ಇ.ಸಿ.ಜಿ. ವೈರುಗಳನ್ನು ಅಂಟಿಸಿ, ಕೈಗೆ ಸೂಜಿ ಹಾಕಿ, ಟ್ರೆಡ್‌ಮಿಲ್ ಎಂಬ ಓಡುವ ಪಟ್ಟಿಯ ಮೇಲೆ ನಡೆಸುತ್ತೇವೆ. ಮೂರು ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತದೆ. ಹೃದಯ ಚೆನ್ನಾಗಿ ಹೊಡೆದುಕೊಳ್ಳುವಾಗ ಸೂಜಿಯ ಮೂಲಕ ಥ್ಯಾಲಿಯಂ, ಅಂದರೆ ಸ್ವಲ್ಪವೇ ವಿಕಿರಣ ಸೂಸುವ ಔಷಧಿಯನ್ನು, ರಕ್ತಕ್ಕೆ ಬಿಡುತ್ತಾರೆ. ಮೈ ಉರಿಯುವುದಿಲ್ಲ, ತಲೆ ತಿರುಗುವುದಿಲ್ಲ. ಇನ್ನೊಂದು ನಿಮಿಷ ನಡೆದು, ಗ್ಯಾಮಾ ಕ್ಯಾಮೆರಾದ ಕೆಳಗೆ ಮಲಗಬೇಕು. ಚಿತ್ರದಲ್ಲಿ ರಕ್ತ ಹರಿದ ಕಡೆ ಹೃದಯ ಬೆಳಗುತ್ತದೆ, ಹರಿಯದ ಕಡೆ ಕಪ್ಪು. ನಾಲ್ಕು ಗಂಟೆ ಬಿಟ್ಟು ಇನ್ನೊಂದು ಚಿತ್ರ. ಕಪ್ಪು ಜಾಗ ಅಷ್ಟರಲ್ಲಿ ತುಂಬಿಕೊಂಡಿದ್ದರೆ ಆ ಸ್ನಾಯು ಬದುಕಿದೆ, ರಕ್ತ ಸಾಲುತ್ತಿಲ್ಲ ಅಷ್ಟೆ. ತುಂಬದಿದ್ದರೆ ಅದು ಸತ್ತ ಜಾಗ.

ನಮ್ಮ ಮುಖ್ಯಸ್ಥರು ಡಾಕ್ಟರ್ ವರದರಾಜ್. ಮೂಗಿನಲ್ಲೇ ಮಾತು, ಎರಡು ಪದಕ್ಕೊಮ್ಮೆ ನಿಂತು, ಕನ್ನಡಕದ ಮೇಲಿಂದ ನೋಡಿ, ಮೂರನೆಯ ಪದವನ್ನು ದಾನ ಮಾಡುವ ಹಾಗೆ ಬಿಡುತ್ತಿದ್ದರು. ಅವರನ್ನು ಅನುಕರಿಸುವುದು ನನ್ನ ಚಟ. ಲಿಫ್ಟಿನವನ ಆಕಳಿಕೆಯನ್ನೂ ಬಿಟ್ಟವನಲ್ಲ ನಾನು, ಡಾಕ್ಟರನ್ನು ಬಿಡುತ್ತೇನೆಯೇ?

ಆ ವರ್ಷ ಒಂದು ಸೋಮವಾರ ಸಂಗಪ್ಪ ಎಂಬವರು ಹೆಂಡತಿ ನೀಲವ್ವನ ಜೊತೆ ದಿನ ಗೊತ್ತು ಮಾಡಿಕೊಳ್ಳಲು ಬಂದರು. ಗದಗದ ಕಡೆಯವರು, ವಾಸ ಆರ್.ಟಿ. ನಗರ, ಯಶವಂತಪುರದ ಒಂದು ಫೌಂಡ್ರಿಯಲ್ಲಿ ಕುಲುಮೆಯ ಮುಂದಿನ ಕೆಲಸ. ವಯಸ್ಸು ನಲವತ್ತೇಳು. ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಳ್ಳುತ್ತಿದೆ ಅಂತ ಕಾರ್ಖಾನೆಯ ಡಾಕ್ಟರು ನಮ್ಮಲ್ಲಿಗೆ ಕಳಿಸಿದ್ದರು. ಬಡಿತ ಇಳಿಸುವ ಮಾತ್ರೆ ಆಗಲೇ ಶುರುವಾಗಿತ್ತು.

ವರದರಾಜ್ ಅವತ್ತು ರೌಂಡ್ಸಿಗೆ ಹೋಗಿದ್ದರು. ತಯಾರಿಯ ವಿವರ ಹೇಳುವುದು ನನ್ನ ಪಾಲಿನ ಕೆಲಸ. ಪಕ್ಕದಲ್ಲಿ ಇಬ್ಬರು ನರ್ಸುಗಳು ಇದ್ದರು, ಅಂದರೆ ನನಗೆ ಪ್ರೇಕ್ಷಕರಿದ್ದರು. ಮೂಗು ಏರಿಸಿ, ಇಲ್ಲದ ಕನ್ನಡಕದ ಮೇಲಿಂದ ನೋಡಿ, ಪೂರ್ತಿ ವರದರಾಜ್ ಶೈಲಿಯಲ್ಲಿ ಒಪ್ಪಿಸಿದೆ: ಹಿಂದಿನ ರಾತ್ರಿಯಿಂದ ಊಟವಿಲ್ಲ, ಕಾಫಿ ಟೀ ಇಲ್ಲ, ಎರಡು ದಿನ ಮೊದಲೇ ಬಂದು ತೋರಿಸಿ ಮಾತ್ರೆ ನಿಲ್ಲಿಸಬೇಕು. ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನರ್ಸುಗಳು ಇನ್ನೂ ನಕ್ಕಿರಲಿಲ್ಲವಲ್ಲ, ಕೊನೆಗೊಂದು ಸೇರಿಸಿದೆ: “ನೋಡಿ ಸಂಗಪ್ಪನವರೇ, ಒಂಬತ್ತು ನಿಮಿಷ ಓಡಿದೋರು ಪಾಸು. ಮಧ್ಯದಲ್ಲಿ ನೋವು ಗೀವು ಅಂದೋರು ಫೇಲು.”

ನರ್ಸುಗಳು ನಕ್ಕರು. ಸಂಗಪ್ಪ ನಗಲಿಲ್ಲ, ಕೈಮುಗಿದು ಹೋದರು. ಅಸಲಿ ವರದರಾಜ್ ಅವರನ್ನು ಈ ಮನುಷ್ಯ ಒಮ್ಮೆಯೂ ನೋಡಿಲ್ಲ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮುಂದಿನ ವಾರದ ಮಂಗಳವಾರ ಬೆಳಿಗ್ಗೆ ಪರೀಕ್ಷೆ. ಔಷಧಿ ಸೀಸದ ಡಬ್ಬಿಯಲ್ಲಿ ಬೊಂಬಾಯಿಯಿಂದ ವಿಮಾನದಲ್ಲಿ ಬಂದಿತ್ತು. ಮೂರು ದಿನಕ್ಕೆ ಅರ್ಧ ಶಕ್ತಿ ಕಳೆದುಕೊಳ್ಳುವ ಮಾಲು, ಒಮ್ಮೆ ಮೈಗೆ ಹೋದರೆ ವಾಪಸ್ ತೆಗೆಯುವ ಹಾಗಿಲ್ಲ. ಎರಡು ದಿನ ಮೊದಲು ತೋರಿಸಿಕೊಳ್ಳಲು ಸಂಗಪ್ಪ ಬಂದಿರಲಿಲ್ಲ. ಮಾತ್ರೆ ಬಿಟ್ಟಿರಾ ಅಂತ ಕೇಳಿದ್ದಕ್ಕೆ ಹೌದೆಂದು ತಲೆಯಾಡಿಸಿದರು. ನಾನು ಚೀಟಿಯ ಮೇಲೆ ಟಿಕ್ ಹಾಕಿದೆ.

ಪಟ್ಟಿ ಶುರುವಾಯಿತು. ಅವರ ವಯಸ್ಸಿಗೆ ನಾಡಿ ನಿಮಿಷಕ್ಕೆ ನೂರಾ ನಲವತ್ತೇಳರವರೆಗೆ ಏರಬೇಕು. ಮೂರು ನಿಮಿಷಕ್ಕೆ ತೊಂಬತ್ತಿತ್ತು. ಆರಕ್ಕೆ ನೂರು. ಏಳಕ್ಕೆ ನೂರಾ ನಾಲ್ಕು. ಅಲ್ಲಿಂದ ಮುಂದಕ್ಕೆ ಕದಲಲಿಲ್ಲ. ಬೆವರು ಇಳಿಯುತ್ತಿದೆ, ಕಾಲು ಎಳೆಯುತ್ತಿವೆ, ನಾಡಿ ಮಾತ್ರ ಸರ್ಕಾರಿ ಫೈಲಿನ ಹಾಗೆ ಕೂತಲ್ಲೇ ಕೂತಿದೆ. ವರದರಾಜ್ ನೋವಿದೆಯೇ ಅಂತ ಎರಡು ಸಲ ಕೇಳಿದರು. “ಏನೂ ಇಲ್ರಿ, ಆರಾಮ ಅದೀನ್ರಿ” ಅಂದರು ಸಂಗಪ್ಪ, ದವಡೆ ಕಚ್ಚಿಕೊಂಡು. ಆರಾಮವಾಗಿರುವವರು ಹಾಗೆ ಕಂಬಿ ಹಿಡಿಯುವುದಿಲ್ಲ, ಬೆರಳ ಗೆಣ್ಣು ಬೆಳ್ಳಗಾಗಿತ್ತು.

ಮನುಷ್ಯ ಸುಸ್ತಾದ, ಇಷ್ಟೇ ಇವನ ಮಿತಿ ಅಂತ ಡಾಕ್ಟರು ಸಿರಿಂಜ್ ಎತ್ತಿಕೊಂಡರು. ನನಗೆ ಆ ಬಡಿತ ಇಳಿಸುವ ಮಾತ್ರೆಯ ನೆನಪಾಗಿ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಂದು ನಿಮಿಷ ಸರ್ ಅಂದವನೇ ಬಾಗಿಲು ತಳ್ಳಿ ಹೊರಗೆ ಓಡಿದೆ. ಬೆಂಚಿನ ಮೇಲೆ ನೀಲವ್ವ ಬುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮಾತ್ರೆ ತಗೊಂಡಿದ್ದಾರಾ ಅಂದೆ. ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟರು: “ಮುಂಜಾನೆ ಎರಡು ತಗೊಂಡಾರ್ರಿ. ತಗೊಂಡ್ರ ಎದಿ ಹಿಡಿಯಂಗಿಲ್ಲ, ಓಡಾಕ ಬರ್ತೈತಿ ಅಂತ. ವಾರದಿಂದ ಹೆಬ್ಬಾಳ ಕೆರಿ ಏರಿ ಮ್ಯಾಲ ಓಡೂದೂ ಕಲತಾರ. ನೀವ ಹೇಳಿದ್ರಲ್ಲಾ ಡಾಕ್ಟರ್ ಸಾಹೇಬ್ರ, ಪಾಸು ಫೇಲು ಅಂತ, ಫೇಲಾದ್ರ ಕುಲುಮಿ ಮುಂದ ನಿಲ್ಲಾಕ ಬಿಡಂಗಿಲ್ಲ ಅಂತ ತಿಳ್ಕೊಂಡಾರ.”

ಎದೆನೋವಿನ ಮನುಷ್ಯ ಕೆರೆ ಏರಿಯ ಮೇಲೆ ಒಬ್ಬನೇ ಓಡಿದ್ದಾನೆ, ನನ್ನ ಮಾತು ಕೇಳಿ. ಈಗ ಮಾತ್ರೆಯ ಜೋರಿನಲ್ಲಿ ಔಷಧಿ ಕೊಟ್ಟರೆ ಹೃದಯಕ್ಕೆ ಶ್ರಮವೇ ಬೀಳದೆ ಚಿತ್ರ ಸ್ವಚ್ಛವಾಗಿ ಬರಬಹುದು. ‘ತೊಂದರೆ ಇಲ್ಲ’ ಅನ್ನುವ ಕಾಗದ ಹಿಡಿದು ಅವರು ನೇರ ಬೆಂಕಿಯ ಮುಂದೆ ನಿಲ್ಲುತ್ತಾರೆ. ಎಷ್ಟು ದಿನ ನಿಂತಾರು?

ಒಳಗೆ ಬಂದಾಗ ಸಿರಿಂಜ್ ಸೂಜಿಯ ಬಾಯಿಗೆ ಬಂದಿತ್ತು. ಕೊಡಬೇಡಿ ಸರ್, ಮಾತ್ರೆ ತಗೊಂಡಿದ್ದಾರೆ ಅಂದೆ. ಪಟ್ಟಿ ನಿಂತಿತು. ಯಾಕೆ ತಗೊಂಡ್ರು ಅಂತ ಡಾಕ್ಟರು ಕೇಳಿದರು. ರೋಗಿಗೆ ತಿಳಿವಳಿಕೆ ಇಲ್ಲ ಅಂದುಬಿಡಬಹುದಿತ್ತು; ಅಂಥ ಸಾಲು ಆಸ್ಪತ್ರೆಯಲ್ಲಿ ಯಾವಾಗಲೂ ರೆಡಿ ಇರುತ್ತದೆ. ಆದರೆ ನೀಲವ್ವ ಬಾಗಿಲಲ್ಲೇ ನಿಂತಿದ್ದರು.

“ನಾನು ಹೇಳಿದ್ದಕ್ಕೆ ಸರ್. ಪಾಸು ಫೇಲು ಅಂತ ತಮಾಷೆ ಮಾಡಿದೆ. ನಿಮ್ಮ ಧ್ವನೀಲಿ.”

ಅವರು ಕನ್ನಡಕದ ಮೇಲಿಂದ ನೋಡಿದರು. ನಾನು ನೂರು ಸಲ ಮಾಡಿ ತೋರಿಸಿದ್ದ ನೋಟ ಅದಲ್ಲವೇ ಅಲ್ಲ. ಸಿರಿಂಜನ್ನು ಸೀಸದ ಡಬ್ಬಿಗೆ ವಾಪಸ್ ಇಟ್ಟರು. “ಹೋಗು, ನೀನೇ ಅವರಿಗೆ ಹೇಳು. ನಿನ್ನ ಸ್ವಂತ ಧ್ವನೀಲಿ.”

ಸಂಗಪ್ಪನವರ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. ಇದು ಓಟದ ಪಂದ್ಯವಲ್ಲ, ನೋವು ಬಂದರೆ ಬಂತು ಅನ್ನುವುದೇ ನಮಗೆ ಬೇಕಾದ್ದು, ನಾನು ಡಾಕ್ಟರಲ್ಲ, ಅವತ್ತು ಆಡಿದ್ದು ಹುಡುಗಾಟ ಅಂತ ಹೇಳಿದೆ. ಅವರು ಬೆವರು ಒರೆಸಿಕೊಂಡರು.

“ನನಗ ಅವತ್ತೇ ಅನುಮಾನ ಇತ್ತು ತಮ್ಮಾ,” ಅಂದರು. “ಡಾಕ್ಟರ್ ಅಷ್ಟೊತ್ತು ನಮ್ಮ ಜೋಡಿ ಎಲ್ಲಿ ಮಾತಾಡ್ತಾರ?”

ಆಮೇಲೆ ನಿಜ ಹೇಳಿದರು. ಆರನೇ ನಿಮಿಷದಿಂದ ಎದೆಯ ಮೇಲೆ ಕಬ್ಬಿಣದ ಗಟ್ಟಿ ಇಟ್ಟಂತಿತ್ತಂತೆ.

ಮಾತ್ರೆಯನ್ನು ಏಕಾಏಕಿ ಬಿಡಿಸಿ ಮನೆಗೆ ಕಳಿಸುವುದು ಅಪಾಯ ಅಂತ ಡಾಕ್ಟರು ಅವರನ್ನು ವಾರ್ಡಿಗೇ ಸೇರಿಸಿದರು. ಆ ಎರಡು ದಿನ ನಾನು ಕಾರಣವಿಲ್ಲದೆ ವಾರ್ಡಿನ ಕಡೆ ಎಷ್ಟು ಸಲ ಹೋದೆನೋ, ನಿನಗೇ ಒಂದು ಹಾಸಿಗೆ ಕೊಡಲೇನಪ್ಪಾ ಅಂತ ಅಲ್ಲಿಯ ಸಿಸ್ಟರ್ ಕೇಳಿದರು. ಗುರುವಾರ ಮತ್ತೆ ಪರೀಕ್ಷೆ. ಡಬ್ಬಿಯಲ್ಲಿ ಔಷಧಿಯ ಶಕ್ತಿ ಮೂರನೇ ಒಂದು ಪಾಲು ಇಳಿದಿತ್ತು, ಆದರೂ ನಡೆಯುತ್ತಿತ್ತು. ಐದನೇ ನಿಮಿಷಕ್ಕೆ ನಾಡಿ ನೂರಾ ಮೂವತ್ತೆರಡು. ಸಂಗಪ್ಪ ಕೈ ಎತ್ತಿ “ಬಂತ್ರಿ” ಅಂದರು. ಇ.ಸಿ.ಜಿ. ಗೆರೆಯೂ ಕುಸಿದಿತ್ತು. ಡಾಕ್ಟರು ಔಷಧಿ ಬಿಟ್ಟರು. ಕ್ಯಾಮೆರಾದ ಪರದೆಯಲ್ಲಿ ಹೃದಯದ ಮುಂಗೋಡೆ ಕಪ್ಪಾಗಿತ್ತು.

ಉಳಿದದ್ದು ಆ ನಾಲ್ಕು ಗಂಟೆ. ಸಂಗಪ್ಪ ಬೆಂಚಿನ ಮೇಲೆ ಗೊರಕೆ ಹೊಡೆದರು. ನಾನು ಕಾರಿಡಾರ್ ಅಳೆದೆ, ಗಡಿಯಾರ ನೋಡಿದೆ, ಕೆಟ್ಟಿದೆಯೇನೋ ಅಂತ ಇನ್ನೊಂದು ಗಡಿಯಾರ ನೋಡಿದೆ. ಮಧ್ಯಾಹ್ನ ಅವರನ್ನು ಮತ್ತೆ ಮಲಗಿಸಿದೆವು. ಚುಕ್ಕೆ ಚುಕ್ಕೆಯಾಗಿ ಚಿತ್ರ ಮೂಡಿತು. ಮುಂಗೋಡೆ ತುಂಬಿಕೊಂಡಿತ್ತು. ಸ್ನಾಯು ಬದುಕಿತ್ತು.

ಆ ತಿಂಗಳೇ ಬೇರೆ ಆಸ್ಪತ್ರೆಯಲ್ಲಿ ಅವರಿಗೆ ಬೈಪಾಸ್ ಆಯಿತು. ಮೂರು ತಿಂಗಳ ಮೇಲೆ ನೀಲವ್ವ ಹಳೆಯ ರಿಪೋರ್ಟು ಕೇಳಿಕೊಂಡು ಬಂದಿದ್ದರು. ಕಾರ್ಖಾನೆಯವರು ಸಂಗಪ್ಪನವರನ್ನು ಸ್ಟೋರಿನಲ್ಲಿ ಕೂರಿಸಿದ್ದಾರೆ. ಅವರು ಹೆದರಿದ್ದೇ ಆಗಿದೆ. ಸ್ಟೋರಿನಲ್ಲಿ ಬೋಲ್ಟು ಎಣಿಸೋದು ಗಂಡಸಿನ ಕೆಲಸಾನ ಅಂತ ಮನೆಯಲ್ಲಿ ದಿನಾ ಜಗಳವಂತೆ. ನನ್ನನ್ನೂ ಹೆಸರು ಹಿಡಿದು ಬೈಯುತ್ತಾರಂತೆ. ನಾನು ರಿಪೋರ್ಟು ಹುಡುಕಿ ಅವರ ಕೈಗೆ ಕೊಟ್ಟೆ.

ಈಗ ತಯಾರಿಯ ವಿವರ ಹೇಳಿ ಮುಗಿಸಿದ ಮೇಲೆ, ಎದುರಿನವರು ಕೇಳಿಸಿಕೊಂಡದ್ದನ್ನು ಅವರ ಮಾತಿನಲ್ಲೇ ನನಗೆ ವಾಪಸ್ ಹೇಳಿಸುತ್ತೇನೆ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಕಾಲು ಕುಣಿಯುತ್ತದೆ, ಆದರೂ ಕೂರುತ್ತೇನೆ. ಹೇಳಿದ್ದು ಎದುರಿನವರಿಗೆ ಏನಾಗಿ ಮುಟ್ಟಿತು ಅಂತ ನೋಡುವವರೆಗೆ ಹೇಳುವ ಕೆಲಸ ಮುಗಿದಿಲ್ಲ. ಈ ನೌಕರಿ ನನಗೆ ಕಲಿಸಿದ್ದು ಇಷ್ಟು.

ಅವತ್ತು ನೀಲವ್ವ ಹೊರಡುವಾಗ ನನ್ನ ಮುಖ ನೋಡಿ ಅಂದರು: “ಜಗಳಾಡ್ಲಿ ಬಿಡ್ರಿ. ಮೊದಲ ಜಗಳಾಡಾಕೂ ಉಸಿರು ಸಾಲ್ತಿದ್ದಿಲ್ಲ ಅವರಿಗೆ.”